ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದ ಮಾತು

ನಾನು ಕೂಟಗಲ್ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ, ಮನೆ ರಾಮನಗರದಲ್ಲಿ. ಬಿಪಿ ಮಾತ್ರೆ ಶುರುವಾಗಿ ಕೆಲವು ವರ್ಷಗಳಾಗಿದ್ದವು, ಅದಕ್ಕೆ ಹೊಂದಿಕೊಂಡಿದ್ದೆ. ಹೊಂದಿಕೊಳ್ಳಲಾಗದೆ ಹೋದದ್ದು ನಿದ್ದೆ ಕೆಟ್ಟಾಗ. ಮಲಗಿದ ಕೂಡಲೇ ಕಣ್ಣು ಹತ್ತುತ್ತಿತ್ತು, ಆದರೆ ಕೋಳಿ ಕೂಗುವ ಎಷ್ಟೋ ಮೊದಲೇ ಎಚ್ಚರ. ಆಮೇಲೆ ಎದೆಯ ಮೇಲೆ ಒರಳುಕಲ್ಲು ಇಟ್ಟ ಹಾಗೆ ಬೆಳಗಿನ ತನಕ ಬಿದ್ದಿರುವುದು. ಊಟವೂ ಸೇರುತ್ತಿರಲಿಲ್ಲ. ತರಗತಿಯಲ್ಲಿ ಮಕ್ಕಳು ಲೆಕ್ಕ ತಪ್ಪಿದರೆ ಸಿಟ್ಟಿಲ್ಲ, ಸರಿ ಮಾಡಿದರೆ ಸಂತೋಷವಿಲ್ಲ. ಯಾಕೆಂದು ಹೇಳಲು ಒಂದು ಕಾರಣವೂ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಚೆನ್ನಾಗಿಯೇ ಇದ್ದರು.

ಡಾಕ್ಟರಿಗೆ ತೋರಿಸಿದಾಗಲೆಲ್ಲ ಬಿಪಿ ಹೆಚ್ಚೇ. ಮಾತ್ರೆ ಬದಲಾಯಿತು, ಡೋಸ್ ಏರಿತು. "ಉಪ್ಪಿನಕಾಯಿ ಬುಟ್ಬುಡು, ಸರಿಹೋಯ್ತದೆ" ಎಂದರು ಯಜಮಾನರು. ಬಿಟ್ಟೆ. ಏನೂ ಸರಿಹೋಗಲಿಲ್ಲ.

ಪಕ್ಕದ ಮನೆಯವರದು ರೇಷ್ಮೆ ನೂಲು ತೆಗೆಯುವ ಕೆಲಸ. ಆ ಮನೆಯ ಹಿರಿಯಾಕೆಯನ್ನು ನಾನು ಅವರ ಮನೆಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎನ್ನುತ್ತೇನೆ. ಒಂದು ಭಾನುವಾರ ಕಾಂಪೌಂಡಿನ ಆಚೆಯಿಂದಲೇ ಕೇಳಿದರು:

"ಟೀಚರ್, ಯಾಕೆ ಇತ್ತೀಚೆಗೆ ಮಾತೇ ಇಲ್ಲ?"

"ರಾತ್ರಿ ಪೂರ್ತಿ ನಿದ್ದೆ ಇಲ್ಲ ಆಪಾ. ಬಿಪಿ ಐತಲ್ಲ."

"ಬಿಪಿ ನಂಗೂ ಐತೆ, ಗಡದ್ದಾಗಿ ಮಲಗ್ತೀನಿ. ಇದು ಬೇರೆ. ನನ್ನ ತಂಗಿಗೂ ಹಿಂಗೇ ಆಗಿತ್ತು. ಮನಸಿನ ಡಾಕ್ಟರಿಗೆ ತೋರಿಸಿದ್ವಿ, ಈಗ ಆರಾಮಾಗವ್ಳೆ. ನಡೀರಿ, ನಾನೂ ಬತ್ತೀನಿ."

ನಾನು ಎರಡು ವಾರ ಸಬೂಬು ಹೇಳಿದೆ. ಮೂರನೆಯ ವಾರ ಅವರು ಬುರ್ಖಾ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತರು.

ಆಸ್ಪತ್ರೆಯಲ್ಲಿ ಆ ಡಾಕ್ಟರ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತಿದ್ದೆವು. ಚನ್ನಪಟ್ಟಣದಲ್ಲಿ ಪಾಠ ಮಾಡುವ, ನನ್ನ ಜೊತೆ ಬಿ.ಎಡ್. ಓದಿದ ಗೆಳತಿ ಯಾರನ್ನೋ ನೋಡಲು ಬಂದವಳು ಎದುರಿಗೇ ಸಿಕ್ಕಳು. ಬಾಗಿಲಿನ ಬೋರ್ಡು ನೋಡಿದಳು, ನನ್ನನ್ನು ನೋಡಿದಳು.

"ನೀನೇನೇ ಇಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಆಪಾ ಹೇಳಿದರು: "ನನ್ನ ತೋರ್ಸಕ್ಕೆ ಕರ್ಕಂಡ್ ಬಂದವ್ರೆ. ನಂಗೆ ಓದಕ್ಕೆ ಬರಲ್ಲ ನೋಡಿ."

ಅವರು ನನಗಾಗಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದೇ ನನಗೆ ಧೈರ್ಯ ತಂದಿತು. "ಇಲ್ಲ ಕಣೆ, ತೋರ್ಸಕ್ಕೆ ಬಂದಿರೋದು ನಾನೇ. ನಿದ್ದೆ ಇಲ್ಲ, ಯಾವುದ್ರಲ್ಲೂ ಮನಸಿಲ್ಲ," ಎಂದೆ. ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು.

ಗೆಳತಿ ಮೆಲ್ಲಗೆ ನನ್ನ ಪಕ್ಕ ಕೂತಳು. "ನಂಗೂ ಹಂಗೇ ಆಗೈತೆ. ಯಾರ್‌ಗೂ ಹೇಳಿಲ್ಲ."

"ಹಂಗಾದ್ರೆ ಹೋಗಿ ಚೀಟಿ ಮಾಡ್ಸು," ಎಂದೆ. ಮಾಡಿಸಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿ, ಖಿನ್ನತೆ ಎಂದರು. "ಮನಸ್ಸು ಕುಗ್ಗಿದ್ರೆ ನಿದ್ದೆ ಕೆಡುತ್ತೆ. ನಿದ್ದೆ ಕೆಟ್ರೆ ಬಿಪಿ ಇಳಿಯೋದು ಕಷ್ಟ. ಬಿಪಿ ಮಾತ್ರೆ ನಿಲ್ಲಿಸ್ಬೇಡಿ. ಎಲ್ಲಾನೂ ಒಟ್ಟಿಗೆ ನೋಡೋಣ." ಸಂಜೆಯ ಕಾಫಿ ನಿಲ್ಲಿಸಿದರು, ದಿನವೂ ನಡೆಯಲು ಹೇಳಿದರು, ಮತ್ತೆ ಮತ್ತೆ ಕರೆಸಿ ಮಾತಾಡಿಸಿದರು.

ಕೆಲವು ವಾರ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮೊದಲು ವಾಪಸು ಬಂದದ್ದು ನಿದ್ದೆಯಲ್ಲ, ಹಸಿವು. ಅವರೆಕಾಳು ಸಾರನ್ನು ಎರಡನೇ ಸಲ ಬಡಿಸಿಕೊಂಡಾಗ ಯಜಮಾನರು ನನ್ನ ಮುಖವನ್ನೇ ನೋಡಿದರು. ಆಮೇಲೊಂದು ಬೆಳಿಗ್ಗೆ ಅವರೇ ನನ್ನ ಭುಜ ಅಲುಗಾಡಿಸಬೇಕಾಯಿತು: "ಏಳು, ಬಸ್ ಹೊಂಟೋಯ್ತದೆ!" ಬಸ್ಸು ಹೋಗಿಯೇಬಿಟ್ಟಿತ್ತು. ಅವರ ಸ್ಕೂಟರಿನ ಹಿಂದೆ ಕೂತು, ನಗುತ್ತಾ ಶಾಲೆಗೆ ಹೋದೆ. ಮುಂದೆ ಬಿಪಿಯೂ ನಿಧಾನಕ್ಕೆ ಹತೋಟಿಗೆ ಬಂತು.

ಈಗಲೂ ಒಮ್ಮೊಮ್ಮೆ ನಿದ್ದೆ ಕೈಕೊಡುತ್ತದೆ. ಹೆದರುವುದಿಲ್ಲ, ಏನು ಮಾಡಬೇಕೆಂದು ಗೊತ್ತಿದೆ. ಈಚೆಗೆ ಸ್ಟಾಫ್ ರೂಮಿನಲ್ಲಿ ನಮ್ಮ ಡ್ರಿಲ್ ಮೇಷ್ಟ್ರು, ಬಿಪಿ ಇಳಿಯುತ್ತಿಲ್ಲ, ರಾತ್ರಿ ಕಣ್ಣು ಮುಚ್ಚುತ್ತಿಲ್ಲ ಎಂದು ಗೊಣಗುತ್ತಿದ್ದರು.

"ಮನಸು ಹೆಂಗೈತೆ ಸಾರ್?" ಎಂದು ಕೇಳಿದೆ.

"ಅದಕ್ಕೇನು, ಚೆನ್ನಾಗೈತೆ ಮೇಡಂ," ಎಂದರು. ಬೆಲ್ ಹೊಡೆದ ಮೇಲೂ ಅವರು ಕುರ್ಚಿಯಿಂದ ಏಳಲಿಲ್ಲ. ನಾನೂ ಏಳದೆ, ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದ್ದನ್ನೇ ಅವರಿಗೂ ಹೇಳಿದೆ.