ಕಾಕು ಕೇಳಿದ ಒಂದು ಚಮಚ ಹೆಪ್ಪು

ಕಳೆದ ವಾರ ನಮ್ಮ ಫ್ರಿಜ್ಜು ಕೈಕೊಟ್ಟಿತು. ಮೇ ತಿಂಗಳ ಪುಣೆ, ಕೇಳಬೇಕೆ! ಸಂಜೆ ಆಫೀಸಿನಿಂದ ಬಂದು ಅದರ ಬಾಗಿಲು ತೆಗೆದರೆ ಒಳಗಿನ ಮೊಸರಿನ ಪಾಕೀಟು ಉಬ್ಬಿ ನಿಂತಿತ್ತು. ಮೂಲೆ ಕತ್ತರಿಸಿದೆ. ಗಪ್ಪನೆ ಹುಳಿ ವಾಸನೆ ಹೊಡೆಯಿತು. ಚೆಲ್ಲುವುದನ್ನು ಬಿಟ್ಟು ಸಿಂಕಿನ ಮುಂದೆ ಹಾಗೇ ನಿಂತುಬಿಟ್ಟೆ. ಕಾಕು ನೆನಪಾದರು...

ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಇವರು ಬಳಗದವರಲ್ಲ. ಕೋಥರೂಡದ ನಮ್ಮ ಸೊಸಾಯಿಟಿಯಲ್ಲಿ ಎದುರು ಬಿಲ್ಡಿಂಗಿನಲ್ಲಿ ಒಬ್ಬರೇ ಇದ್ದ, ಬೆಳಗಾವಿ ಕಡೆಯ ವಿಜ್ಞಾನಿ. ಕಣ್ಣಿಗೆ ಕಾಣದ ಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಮಣ್ಣಿನಲ್ಲಿ, ಕೆರೆಯ ನೀರಿನಲ್ಲಿ ಯಾವ ಯಾವ ಜಾತಿಯವು ಕೂಡಿ ಬಾಳುತ್ತವೆ, ಒಂದು ಹೋದರೆ ಮತ್ತೊಂದರ ಗತಿ ಏನು ಎಂಬುದೇ ಅವರ ಆಯುಷ್ಯದ ಕೆಲಸ. ಹೆಸರಿನ ಮುಂದೆ ಡಾಕ್ಟರ್ ಇದ್ದುದರಿಂದ ನಮ್ಮವ್ವ ಅವರನ್ನು ಡಾಕ್ಟರಬಾಯಿ ಎಂದು ಕರೆದು, ಮೊಣಕಾಲು ನೋವಿಗೆ ಮದ್ದು ಕೇಳುತ್ತಿದ್ದಳು. ತಾನು ಆ ಡಾಕ್ಟರಲ್ಲ ಎಂದು ಅವರು ಪಾಪ ಪ್ರತಿ ಸಲವೂ ನಗುತ್ತಾ ಹೇಳುತ್ತಿದ್ದರು. ಅವ್ವ ಪ್ರತಿ ಸಲವೂ ಮತ್ತೆ ಕೇಳುತ್ತಿದ್ದಳು.

ನಿವೃತ್ತಿ ಹತ್ತಿರ ಬಂದಾಗ ಕಾಕುಗೆ ಮೊಸರಿನ ಹುಚ್ಚು ಹಿಡಿಯಿತು. ನಮ್ಮ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ಹೆಣ್ಣುಮಕ್ಕಳು ತವರಿನಿಂದ ಡಬ್ಬಿಯಲ್ಲಿ ಹೆಪ್ಪು ತಂದವರು. ದಿನಾ ಅದನ್ನೇ ಹಾಲಿಗೆ ಹಾಕಿ, ಮರುದಿನಕ್ಕೆ ಚೂರು ಉಳಿಸಿ, ವರ್ಷಗಟ್ಟಲೆ ಸಾಕಿಕೊಂಡು ಬಂದವರು. ನಮ್ಮವ್ವ ಧಾರವಾಡದಿಂದ ತಂದದ್ದು ಅವಳ ಅಜ್ಜಿಯ ಕಾಲದ್ದು. ಹೀಗೆ ಒಂದೊಂದು ಮನೆಯ ಹೆಪ್ಪಿನಲ್ಲಿ ಬೇರೆ ಬೇರೆ ಜೀವಿಗಳ ಸಂಸಾರವೇ ಇರುತ್ತದೆ, ಪೇಟೆಯ ಮೊಸರಿನಲ್ಲಿ ಒಂದೆರಡು ಜಾತಿ ಬಿಟ್ಟರೆ ಏನಿಲ್ಲ, ಇವು ಅಳಿಯುವ ಮೊದಲು ಎಲ್ಲ ಮನೆಯದನ್ನೂ ಕೂಡಿಸಿ ಕಾಪಾಡಬೇಕು ಎಂದು ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಸೇರಿದಾಗ ನಮಗೆಲ್ಲ ಹೇಳಿದರು. ಅವರ ತಾಯಿಯ ಹೆಪ್ಪು, ಅವರು ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಾಗ ತಾಯಿಯ ಜೊತೆಗೇ ಹೋಯಿತಂತೆ. ಅದನ್ನು ಹೇಳುವಾಗ ಮಾತ್ರ ಅವರ ದನಿ ಸಣ್ಣದಾಯಿತು.

ದೀಪ ಹಚ್ಚಿದ ಮೇಲೆ ಮನೆಯಿಂದ ಮೊಸರು ಹೊರಗೆ ಕೊಡಬಾರದು ಎಂಬುದು ನಮ್ಮ ಹೆಂಗಸರ ಶಾಸ್ತ್ರ. ಕಾಕು ಅದನ್ನು ಗೇಲಿ ಮಾಡಲಿಲ್ಲ. ರವಿವಾರ ಬೆಳಿಗ್ಗೆ ಬರುತ್ತೇನೆ, ಒಂದು ಚಮಚ ಸಾಕು ಎಂದು ಮೊದಲೇ ಮನೆಮನೆಗೆ ಹೋಗಿ ತಿಳಿಸಿದರು. ಯಾರಿಗೂ ತೊಂದರೆಯಾಗಬಾರದು ಎಂಬ ಮರ್ಯಾದೆ ಅದು. ಹಡಪಸರ, ವಿಮಾನ ನಗರದ ಕನ್ನಡದ ಮನೆಗಳಿಗೂ ಹೀಗೇ ಹೇಳಿಟ್ಟು, ಸ್ಕೂಟರಿಗೆ ಥರ್ಮಾಕೋಲ್ ಡಬ್ಬ ಕಟ್ಟಿಕೊಂಡು ತಿರುಗಿದರು. ನಮ್ಮ ವಾಚಮನ್ ಅವರಿಗೆ 'ದಹೀವಾಲ್ಯಾ ಮ್ಯಾಡಮ್', ಮೊಸರಿನ ಮ್ಯಾಡಮ್, ಎಂದು ಹೆಸರಿಟ್ಟ.

ಮಳೆಗಾಲ ಕಳೆದ ಮೇಲೆ ಒಂದು ರಜೆಯ ದಿನ ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. ಅವ್ವ ಚಹಾ ಕೊಟ್ಟಳು. ಎಲ್ಲ ಮನೆಯ ಮೊಸರಿನಲ್ಲೂ ಹೆಚ್ಚುಕಡಿಮೆ ಅವೇ ಒಂದೆರಡು ಜಾತಿ ಸಿಕ್ಕಿವೆ ಎಂದರು. ಪುಣೆಯ ಹಾಲು, ಪುಣೆಯ ಹವೆ ಸೇರಿ ತವರಿನ ಗುರುತನ್ನೆಲ್ಲ ಅಳಿಸಿಬಿಟ್ಟಿವೆ, ನಾನೇ ತಡಮಾಡಿದೆ ಎಂದು ತಮ್ಮನ್ನು ತಾವೇ ಬೈದುಕೊಂಡರು. ಅವ್ವ ಸೆರಗಿನ ತುದಿ ತಿರುವುತ್ತಾ ಕೂತಿದ್ದಳು. ಕೊನೆಗೆ ತಡೆಯಲಾಗಲಿಲ್ಲ.

"ಡಾಕ್ಟರಬಾಯಿ, ನಾ ನಿಮಗ ಕೊಟ್ಟಿದ್ದು ನಮ್ಮ ಮನಿ ಮಸರಲ್ರೀ. ಡೇರಿದು. ಅಷ್ಟು ಓದಿದವ್ರು ಬಾಯಿಬಿಟ್ಟು ಕೇಳೀರಿ, ನಿಮಗ ನಮ್ಮ ಹುಳಿ ಮಸರು ಹೆಂಗ ಕೊಡೂದಂತ..."

ನನಗೂ ಅದು ಆಗಲೇ ಗೊತ್ತಾದದ್ದು. ಅವ್ವ ಒಬ್ಬಳೇ ಅಲ್ಲ. ಕಾಕು ಬರುವ ಹಿಂದಿನ ದಿನ, ಶನಿವಾರ ಸಂಜೆ, ಮೂಲೆಯ ಡೇರಿಯ ಮುಂದೆ ಸೊಸಾಯಿಟಿಯ ನಮ್ಮ ಹೆಂಗಸರೆಲ್ಲ ಪಾಳಿ ಹಚ್ಚಿ ನಿಂತಿದ್ದರಂತೆ. ತಂದ ಗಟ್ಟಿ ಮೊಸರನ್ನು ಮನೆಯ ಪಾತ್ರೆಗೆ ಸುರಿದು ಮೇಲೆ ತಟ್ಟೆ ಮುಚ್ಚಿಟ್ಟಿದ್ದರಂತೆ. ಮನೆಗೆ ಬಂದವರಿಗೆ ಕೊಡುವುದು ಚಲೋ ಇರಬೇಕಲ್ಲ! ಉಳಿದ ಕಡೆಯೂ ಬಹುಮಟ್ಟಿಗೆ ಇದೇ ಕಥೆ ಎಂದು ಆಮೇಲೆ ತಿಳಿಯಿತು.

ಕಾಕು ಮೊದಲು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಖಕ್ಕೆ ಕಳೆ ಬಂತು. ಹಾಗಾದರೆ ಏನೂ ಅಳಿದಿಲ್ಲ, ಎಲ್ಲ ಅಡುಗೆಮನೆಗಳಲ್ಲೇ ಇವೆ! ಹುಳಿಯಿದ್ದರೆ ಇರಲಿ, ಈಗ ನಿಮ್ಮದನ್ನೇ ಕೊಡ್ರಿ ವೈನಿ ಎಂದು ಬಟ್ಟಲು ಚಾಚಿದರು.

ಅವ್ವ ಏಳಲಿಲ್ಲ. ಡೇರಿಯ ಮೊಸರು ಗಟ್ಟಿಯಿತ್ತು, ಸಿಹಿಯಿತ್ತು. ಕಾಕುಗೆ ಕೊಟ್ಟು ಮಿಕ್ಕಿದ್ದನ್ನು ಚೆಲ್ಲಲು ಮನಸ್ಸಾಗದೆ ಅವತ್ತು ಅದನ್ನೇ ಹಾಲಿಗೆ ಹೆಪ್ಪು ಹಾಕಿದ್ದಳು. ಚಲೋ ಬಂತೆಂದು ಅದನ್ನೇ ಮುಂದುವರಿಸಿದ್ದಳು. ಹಳೆಯದು ಮಜ್ಜಿಗೆಯಾಗಿ ಮುಗಿದುಹೋಗಿತ್ತು. ಈಚೆಗೆ ಮೊಸರು ಭಾಳ ರುಚಿ ಆಗೇದಲ್ಲ ಎಂದು ನಾನೂ ಏನೂ ಅರಿಯದೆ ಹೊಗಳಿದ್ದೆ. ಮೇಲಿನ ಮನೆ, ಪಕ್ಕದ ಮನೆ ವಿಚಾರಿಸಿದರೆ ಎಲ್ಲರೂ ಹಾಗೇ ಮಾಡಿದ್ದರು.

ಕಾಕು ಬಟ್ಟಲನ್ನು ಕೆಳಗಿಟ್ಟರು.

"ಅಂದ್ರ ನಾ ಕೇಳಾಕ ಬರದಿದ್ರ ಉಳೀತಿದ್ವು," ಎಂದರು.

ಅವ್ವ ತವರಿಗೆ ಫೋನು ಹಚ್ಚಿದಳು. ಅಲ್ಲಿ ತಮ್ಮನ ಹೆಂಡತಿ ಎಂದೋ ಪಾಕೀಟಿಗೆ ಒಗ್ಗಿಕೊಂಡಿದ್ದಳು. ಕಾಕು ಆ ಕೆಲಸವನ್ನು ಅಲ್ಲಿಗೇ ಬಿಟ್ಟರು. ಆಮೇಲೂ ಮನೆಗೆ ಬರುತ್ತಿದ್ದರು, ಅವ್ವನ ಮೊಣಕಾಲು ವಿಚಾರಿಸುತ್ತಿದ್ದರು, ಮೊಸರಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ಯಾರನ್ನು ಬೈಯಲಿ? ಮರ್ಯಾದೆಯಿಂದ ಕೇಳಿದವರನ್ನೋ, ಮರ್ಯಾದೆಯಿಂದ ಕೊಟ್ಟವರನ್ನೋ...

ಕಾಕು ತೀರಿಕೊಂಡು ವರ್ಷವಾಗುತ್ತ ಬಂತು. ಅವ್ವನಿಗೆ ಈಗ ಬಹಳಷ್ಟು ಮರೆತಿದೆ. ಕಾಕು ಇಲ್ಲ ಎಂಬುದೂ ಒಮ್ಮೊಮ್ಮೆ ಮರೆಯುತ್ತದೆ. ಊಟದ ಕೊನೆಗೆ ಮೊಸರು ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾಳೆ.

"ನನಗ ಬ್ಯಾಡ. ಡಾಕ್ಟರಬಾಯಿ ಬರ್ತಾರ, ಅವರಿಗ ನಮ್ಮ ಮನೀದು ತಗದಿಡು."

ಆಯ್ತವ್ವಾ ಅನ್ನುತ್ತೇನೆ. ತೆಗೆದಿಡಲು ನಮ್ಮ ಮನೆಯದು ಅಂತ ಏನೂ ಇಲ್ಲ.