ಮಹದೇವಮ್ಮನವರ ಅಟ್ಟ

ಈಮೇಲ್ ತೆರೆಯುವ ಮುಂಚೆ ಮಹದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತು ಮೊದಲು ಬಲಗೈ, ಆಮೇಲೆ ಎಡಗೈ, ಬೆರಳ ಸಂದಿಯನ್ನೂ ಬಿಡದೆ ಒರೆಸಿ, ಅದಾದ ಮೇಲೆಯೇ ಮೌಸು ಮುಟ್ಟುವುದು. ಯಾಕೆಂದು ಒಮ್ಮೆ ಕೇಳಿದೆ.

"ಎಣ್ಣೆ ಕೈಲಿ ಕಾಗ್ದ ಮುಟ್ಟಿದ್ರೆ ಕಲೆ ಉಳೀತದೆ ಮೇಡಂ" ಅಂದರು.

"ಇದು ಕಾಗದ ಅಲ್ಲವಲ್ಲ ಮಹದೇವಮ್ಮ."

"ಇನ್ನೇನು ಮತ್ತೆ? ಯಾರೋ ಬರ್ದವ್ರೆ, ನಾವು ಓದ್ತೀವಿ. ಕಾಗ್ದವೇ."

ನಾನು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೆ ಚಾಮರಾಜಪುರಂನ ಒಂದು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಕ್ಕೆ ಗೌರವ ಕಾರ್ಯದರ್ಶಿಯಾಗಿ ಹೋದೆ. ಮಹದೇವಮ್ಮ ಆಗಲೇ ಅಲ್ಲಿ ಇಪ್ಪತ್ತು ವರ್ಷ ಹಳಬರು. ಮಂಡಕಳ್ಳಿಯವರು. ಮೊದಲು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದವರು, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸು ಮಾಡಿಕೊಂಡು ರೆಕಾರ್ಡು ರೂಮಿಗೆ ಬಂದಿದ್ದರು. ಕೈ ಒರೆಸಿಕೊಳ್ಳುವ ಅಭ್ಯಾಸ ಅಲ್ಲಿಂದ ಬಂದದ್ದು. ಜಾಗ ಬದಲಾದರೂ ಸೆರಗು ಅದೇ ಕೆಲಸ ಮಾಡುತ್ತಿತ್ತು.

ಶಿಸ್ತಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ನನಗೆ ಮೊದಲಿಂದಲೂ ಇತ್ತು. ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಉಂಡು ಬೆಳೆದವಳು ನಾನು. ಈ ನಂಬಿಕೆಗೆ ಮೊದಲನೇ ವಾರವೇ ಪೆಟ್ಟು ಬಿತ್ತು. ರೆಕಾರ್ಡು ರೂಮಿಗೆ ಹೋಗಿ ಒಂದು ಕಡತ ತೆಗೆದುಕೊಂಡು ಬಾಗಿಲು ದಾಟುತ್ತಿದ್ದೆ. ಹಿಂದಿನಿಂದ ದನಿ ಬಂತು: "ಚೀಟಿ ಬರ್ದ್‌ಕೊಟ್ಟು ಓಗಿ ಮೇಡಂ."

"ನಾನು ಕಾರ್ಯದರ್ಶಿ."

"ಅದ್ನೂ ಬರೀರಿ. ಎಸ್ರು, ಉದ್ದೆ, ತಗೊಂಡ ಒತ್ತು."

ಬರೆದುಕೊಟ್ಟೆ. ಗಡಿಯಾರ ನೋಡಿ ಸಮಯ ತಿದ್ದಿಸಿದರು. ನಾನು ಹತ್ತೂವರೆ ಎಂದು ಬರೆದಿದ್ದೆ, ಆಗ ಹತ್ತು ಇಪ್ಪತ್ತೇಳಾಗಿತ್ತು.

ನಿಲಯಕ್ಕೆ ಸರ್ಕಾರದ ಅನುದಾನವಿತ್ತು. ಹಾಗಾಗಿ ಒಂದು ದಿನ ಇಲಾಖೆಯಿಂದ ಸುತ್ತೋಲೆ ಬಂತು. ಕಾಗದಪತ್ರಗಳಂತೆಯೇ ಕಚೇರಿಗೆ ಬರುವ, ಕಚೇರಿಯಿಂದ ಹೋಗುವ ಎಲ್ಲ ಈಮೇಲನ್ನೂ ಐದು ವರ್ಷ ಕಾಪಾಡಬೇಕು; ತಿದ್ದಕೂಡದು, ಅಳಿಸಕೂಡದು; ತಪಾಸಣೆಯವರು ಕೇಳಿದಾಗ ತೆಗೆದುಕೊಡಬೇಕು. ಕಂಪ್ಯೂಟರಿನವರು ಬಂದು ಏರ್ಪಾಟು ಮಾಡಿದರು. ಪ್ರತಿ ಈಮೇಲಿನ ಒಂದು ನಕಲು ತಾನಾಗಿಯೇ ಬೇರೊಂದು ಕಡೆ ಹೋಗಿ ಕೂರುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಡಿಲೀಟ್ ಮಾಡಿದರೂ ಅಲ್ಲಿ ಇರುತ್ತದೆ. ಅಲ್ಲಿಗೆ ಹೋಗಿ ನೋಡಬಹುದು, ಕೈ ಹಾಕುವ ಹಾಗಿಲ್ಲ. ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದ ಅವರಿಗೆ ಮಹದೇವಮ್ಮ, "ಅಂದ್ರೆ ಅಟ್ಟ ಅನ್ನಿ" ಅಂದರು. ಅವರು ತುಸು ಯೋಚಿಸಿ, ಹೌದು ಅಂದರು. ಅಂದಿನಿಂದ ಅದಕ್ಕೆ ಅಟ್ಟ ಎಂದೇ ಹೆಸರು. ಅದರ ಕೀಲಿ, ಅಂದರೆ ಪಾಸ್‌ವರ್ಡು, ಮಹದೇವಮ್ಮನವರದು. ನನಗೂ ಹೇಳಲಿಲ್ಲ.

ಅಟ್ಟದಲ್ಲಿ ಏನಿದೆ ಎಂಬುದಕ್ಕೆ ಅವರು ಒಂದು ಉದ್ದನೆಯ ಪುಸ್ತಕ ಬೇರೆ ಇಟ್ಟರು. ಯಾರದು, ಯಾವತ್ತು ಬಂತು, ಏನು ವಿಷಯ, ಯಾವಾಗ ಅವಧಿ ಮುಗಿಯುತ್ತದೆ, ಕೊನೆಯಲ್ಲಿ ಷರಾ. ಕಂಪ್ಯೂಟರೇ ಹುಡುಕಿಕೊಡುತ್ತದಲ್ಲ ಅಂದರೆ, "ಅದು ಉಡುಕ್ತದೆ. ನಂಗೆ ಗೊತ್ತಿರ್ತದೆ" ಅನ್ನುವರು. ನಮ್ಮ ಟ್ರಸ್ಟಿಯೊಬ್ಬರಿಗೆ ದಿನಾ ಬೆಳಿಗ್ಗೆ ಆರಕ್ಕೆ ಶುಭೋದಯ ಕಳಿಸುವ ಚಟ, ಕೆಳಗೊಂದು ಮನೆಮದ್ದು. ಅದನ್ನೂ ಪುಸ್ತಕದಲ್ಲಿ ಏರಿಸುತ್ತಿದ್ದರು: 'ಗುಲಾಬಿ ಹೂವು, ಮಂಡಿನೋವಿಗೆ ಹರಳೆಣ್ಣೆ.' ಇದೆಲ್ಲ ಕಸ, ಬಿಡಿ ಅಂದೆ.

"ಕಸ ಯಾವ್ದು ಅಂತ ಸುತ್ತೋಲೇಲಿ ಬರ್ದಿಲ್ವಲ್ಲ ಮೇಡಂ. ಎಲ್ಲಾ ಈಮೇಲೂ ಅಂತ ಅದೆ."

ತಪಾಸಣೆಗೆ ಬಂದ ಅಧಿಕಾರಿ ಪರೀಕ್ಷೆ ಮಾಡಬೇಕಲ್ಲ, ಪುಸ್ತಕದಲ್ಲಿ ಕಣ್ಣು ಮುಚ್ಚಿ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದನ್ನು ತೆಗೆದು ತೋರಿಸಿ ಅಂದರು. ಬೆರಳು ಬಿದ್ದದ್ದು ಮಂಡಿನೋವಿನ ಮೇಲೆ. ಮಹದೇವಮ್ಮ ಕೈ ಒರೆಸಿಕೊಂಡು, ಒಂದು ನಿಮಿಷದಲ್ಲಿ ಪ್ರಿಂಟ್ ತೆಗೆದು ಕೊಟ್ಟರು. ಅಧಿಕಾರಿ ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. "ಅದು ಕಚೇರಿ ಪ್ರತಿ ಸಾರ್. ಚೀಟಿ ಬರ್ದ್‌ಕೊಡಿ" ಅಂದರು ಮಹದೇವಮ್ಮ. ಅವರೂ ಬರೆದುಕೊಟ್ಟರು.

ಅವಧಿ ಮುಗಿದ ಕಡತಗಳನ್ನು ನಾಶ ಮಾಡುವ ದಿನ ಅವರದು ಇನ್ನೊಂದು ರೂಪ. ನನ್ನ ಎದುರಿಗೆ ಕೂತು ಪಟ್ಟಿ ಓದುವರು, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: "ಉಪಯೋಗದಲ್ಲಿದೆಯಾ?" ಇಲ್ಲ ಅಂದರೆ ಹೋಯಿತು. ಇದೆ ಅಂದರೆ ಮಾತ್ರ ಷರಾ ಬರೆದು ಮತ್ತೈದು ವರ್ಷ. ಹಳೆಯ ಕಾರ್ಯದರ್ಶಿಯೊಬ್ಬರಿಗೆ ಹುಡುಗಿಯರು ಬರೆದುಕೊಟ್ಟಿದ್ದ ಬೀಳ್ಕೊಡುಗೆ ಪತ್ರ ಬಂದಾಗ ನನಗೆ ಬಿಡಲು ಮನಸ್ಸಾಗಲಿಲ್ಲ. ನೆನಪಿಗೆ ಇರಲಿ ಅಂತ ಷರಾ ಬರೆಯಿರಿ ಅಂದೆ.

"ಅಂಗೆಲ್ಲಾ ಬರ್ಯಕ್ಕಾಗಲ್ಲ ಬುಡಿ. ನೆನ್ಪಿಗೆ ಇಟ್ಕೊಳೋಕೆ ಮನೆ ಅದೆ. ಆಪೀಸ್ನಲ್ಲಿ ಇಟ್ಕೊಳೋದು ಉಪ್ಯೋಗ್ದಲ್ಲಿ ಇರೋದ್ನ."

ಆ ಪತ್ರ ಹೋಯಿತು. ನನಗೆ ಎರಡು ದಿನ ಸಿಟ್ಟಿತ್ತು.

ಇನ್ನು ಆ ಆಯುಧಪೂಜೆಯ ವಿಷಯ ಹೇಳಬೇಕು.

ಆ ವರ್ಷ ನರ್ಸಿಂಗ್ ಸೇರುವ ಹುಡುಗಿಯರು ನಿಲಯದಲ್ಲಿ ಜಾಗ ಕೇಳಿ ಹಾಕುವ ಅರ್ಜಿಗೆ ಕೊನೆಯ ದಿನ ಬಿದ್ದದ್ದು ಹಬ್ಬಕ್ಕೆ ಎರಡು ದಿನ ಮುಂಚೆ, ಸಾಯಂಕಾಲ ಐದು ಗಂಟೆ. ಅರ್ಜಿಗಳನ್ನು ಈಮೇಲಿನಲ್ಲಿ ಕಳಿಸಬೇಕು. ಅವುಗಳ ಪ್ರಿಂಟ್ ತೆಗೆದಿಡುವುದು ಗುಮಾಸ್ತ ಪುಟ್ಟಸ್ವಾಮಿಯ ಕೆಲಸ. ಪುಟ್ಟಸ್ವಾಮಿಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಮನುಷ್ಯ. ಅದೇ ಅವರ ಗುಣ, ಅದೇ ಅವರ ತೊಂದರೆ. ಹಬ್ಬದ ಮುನ್ನಾದಿನ ಬೆಳಿಗ್ಗೆ ನಾನು ಅವರಿಗೆ ಒಂದು ಮೇಲ್ ಕಳಿಸಿದೆ: "ಪೂಜೆಯ ಹೊತ್ತಿಗೆ ಕಚೇರಿಯಲ್ಲಿ ಹಳೆಯದು ಒಂದೂ ಇರಕೂಡದು. ಮೇಜು, ಬೀರು, ಕಂಪ್ಯೂಟರು ಎಲ್ಲ ಖಾಲಿ ಮಾಡಿ ಚೊಕ್ಕಟವಾಗಿಡಿ. ಮಧ್ಯಾಹ್ನ ಹನ್ನೆರಡಕ್ಕೆ ಬಂದು ನೋಡುತ್ತೇನೆ."

ಹನ್ನೆರಡಕ್ಕೆ ಹೋಗಿ ನೋಡಿದೆ. ಮೇಜು ಹೊಳೆಯುತ್ತಿತ್ತು. ಬೀರುವಿನ ಮೇಲೆ ಧೂಳಿಲ್ಲ. ಭೇಷ್ ಅಂದೆ. ಮಾರನೆಯ ದಿನ ಕಂಪ್ಯೂಟರಿಗೆ ವಿಭೂತಿ, ಕುಂಕುಮ, ಸೇವಂತಿಗೆ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ಎಲ್ಲರೂ ಕಡಲೆಪುರಿ ತಿಂದು ಮನೆಗೆ ಹೋದೆವು.

ಹಬ್ಬ ಮುಗಿದು ಕಚೇರಿ ತೆರೆದ ದಿನ ಆಯ್ಕೆ ಪಟ್ಟಿ ಅಂಟಿಸಿದೆವು. ಮಧ್ಯಾಹ್ನ ಎಚ್.ಡಿ. ಕೋಟೆ ಕಡೆಯಿಂದ ಚಂದ್ರಿಕಾ ಎಂಬ ಹುಡುಗಿ ಅವಳ ತಂದೆಯ ಜೊತೆ ಬಂದಳು. ತಂದೆಯ ಹೆಗಲ ಮೇಲೆ ಟ್ರಂಕು. ಪಟ್ಟಿಯಲ್ಲಿ ಅವಳ ಹೆಸರಿಲ್ಲ. ನನ್ನ ಹತ್ತಿರ ಬಂದರು.

"ನಿಮ್ಮ ಅರ್ಜಿಯೇ ಬಂದಿಲ್ಲ" ಅಂದೆ.

"ಬಂದಿರ್ಬೇಕು ತಾಯಿ" ಅಂದರು ತಂದೆ. "ನಮ್ಮೂರ ಸೈಬರ್ ಅಂಗ್ಡೀಲಿ ನಾನೇ ಪಕ್ಕ ನಿಂತ್ಕಂಡು ಕಳ್ಸಿದ್ದು. ಓಗಿದ್ದು ಅವ್ರ ಈಮೇಲಿಂದ್ಲೇ. ಈಗ ಅಂಗ್ಡಿ ಬಾಗ್ಲಾಕವ್ರೆ, ಫೋನೂ ಎತ್ತಾ ಇಲ್ಲ."

ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಕಾಯುವವರ ಪಟ್ಟಿಯ ಮೊದಲನೆಯವಳಿಗೆ ಐದು ಗಂಟೆಗೆ ಫೋನು ಮಾಡುವುದೆಂದು ಗೊತ್ತುಮಾಡಿತ್ತು. ಚಂದ್ರಿಕಾ ಟ್ರಂಕಿನ ಬೀಗವನ್ನು ಎಳೆಯುತ್ತಾ ಬಿಡುತ್ತಾ ನಿಂತಿದ್ದಳು. ಕೋಣೆ ಹಿಡಿದು ಓದಿಸುವ ಶಕ್ತಿ ಆ ಮನೆಗಿಲ್ಲ ಎಂಬುದು ಕೇಳದೆಯೇ ತಿಳಿಯುತ್ತಿತ್ತು. ಇಲ್ಲಿ ಜಾಗ ಸಿಗದಿದ್ದರೆ ಕಾಲೇಜೂ ಇಲ್ಲ. ಆದರೂ ನಾನು, ಪಟ್ಟಿ ಅಂಟಿಸಿದ ಮೇಲೆ ತಿದ್ದುವ ಪದ್ಧತಿ ಇಲ್ಲ ಅಂದೆ. ಪುಟ್ಟಸ್ವಾಮಿಯನ್ನು ಕರೆದು ಈಮೇಲಿನ ಪೆಟ್ಟಿಗೆ ತೆರೆಸಿದೆ.

ಹಬ್ಬದ ಹಿಂದಿನ ಮೇಲ್ ಒಂದೂ ಇರಲಿಲ್ಲ.

"ಎಲ್ಲಿ ಹೋಯಿತು ಪುಟ್ಟಸ್ವಾಮಿ?"

"ಖಾಲಿ ಮಾಡಿದೆ ಮೇಡಂ" ಅಂದರು ಪುಟ್ಟಸ್ವಾಮಿ. "ಹಬ್ಬಕ್ಕೆ."

ಕೊನೆಯ ದಿನ ಮಧ್ಯಾಹ್ನ ಮೂರರವರೆಗಿನ ಅರ್ಜಿಗಳನ್ನು ಅವರು ಪ್ರಿಂಟ್ ತೆಗೆದಿದ್ದರು. ಆಮೇಲಿನವನ್ನು ಮಾರನೆ ಬೆಳಿಗ್ಗೆ ತೆಗೆಯಬೇಕಿತ್ತು. ಬೆಳಿಗ್ಗೆ ಬಂದವರು ಶುಚಿ ಕೆಲಸಕ್ಕೆ ಕೈ ಹಾಕಿ, ಬೀರುವಿನ ಜೊತೆಗೆ ಇನ್‌ಬಾಕ್ಸನ್ನೂ ಗುಡಿಸಿ ಚೊಕ್ಕಟ ಮಾಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲೇ ಕೂತು ವಿವರಣೆ ಕೇಳುವ ಮೆಮೊ ಬರೆಯತೊಡಗಿದೆ. ಮಹದೇವಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

"ಅಟ್ಟ ನೋಡ್ತೀನಿ ತಾಳಿ" ಎಂದು ಹೋದರು. ಕಿಟಕಿಯಿಂದ ಕಾಣುತ್ತಿತ್ತು, ಅಂಥ ಹೊತ್ತಿನಲ್ಲೂ ಮೊದಲು ಬಲಗೈ, ಆಮೇಲೆ ಎಡಗೈ.

ಹತ್ತು ನಿಮಿಷಕ್ಕೆ ಎರಡು ಹಾಳೆ ತಂದು ನನ್ನ ಮುಂದಿಟ್ಟರು.

"ಇದು ಆ ಉಡ್ಗೀದು. ನಾಕು ನಲ್ವತ್ತೆರಡಕ್ಕೆ ಬಂದದೆ. ವಿಷ್ಯ ಅಂತ ಏನೂ ಬರ್ದಿಲ್ಲ, ಅರ್ಜಿ ಮಾತ್ರ ಸರ್ಯಾಗೇ ಅದೆ. ಮೂರ್ ಗಂಟೆ ಆದ್ಮೇಲೆ ಬಂದಿರೋ ಅರ್ಜಿ ಇದೊಂದೇ. ಇದು ನಿಮ್ದು."

ಎರಡನೆಯ ಹಾಳೆ ನನ್ನ ಅಪ್ಪಣೆ. ಹಳೆಯದು ಒಂದೂ ಇರಕೂಡದು.

"ನನ್ನದು ಯಾಕೆ ತಂದಿರಿ?"

"ಪುಟ್‌ಸಾಮಿಗೆ ಮೆಮೊ ಬರೀತಿದ್ದೀರಲ್ಲ. ಜೊತೇಲಿ ಲಗತ್ತಿಸ್ಬೇಕಲ್ವಾ?"

ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಪುಟ್ಟಸ್ವಾಮಿ ಫ್ಯಾನು ನೋಡುತ್ತಿದ್ದರು. ನಾನು ಮೆಮೊ ಹರಿದೆ. ಚಂದ್ರಿಕಾಳ ಅಂಕ ಕಾಯುವವರ ಪಟ್ಟಿಯಲ್ಲಿದ್ದ ಎಲ್ಲರಿಗಿಂತ ಹೆಚ್ಚಿತ್ತು. ಐದು ಗಂಟೆಗೆ ಮುಂಚೆ ಆದೇಶ ಬರೆದು ರುಜು ಹಾಕಿದೆ, ಪಟ್ಟಿಯನ್ನು ಗೋಡೆಯಿಂದ ಕಿತ್ತು ತಿದ್ದಿ ಮತ್ತೆ ಅಂಟಿಸಿದೆ. ತಂದೆ ಟ್ರಂಕನ್ನು ಒಳಕ್ಕೆ ಒಯ್ದರು. ಚೀಟಿ ಬರೆಸಿಕೊಳ್ಳದೆ ಮಹದೇವಮ್ಮ ಒಳಗೆ ಬಿಟ್ಟ ಸಾಮಾನು ಬಹುಶಃ ಅದೊಂದೇ.

ಒಂದು ವಾರ ಕಳೆದ ಮೇಲೆ, ಯಾರೂ ಇಲ್ಲದಾಗ, ರೆಕಾರ್ಡು ರೂಮಿಗೆ ಹೋದೆ.

"ಮಹದೇವಮ್ಮ, ನನ್ನ ಆ ಮೇಲು ಅಟ್ಟದಲ್ಲಿ ಇರಲೇಬೇಕಾ?"

"ಐದ್ ವರ್ಸ ಇರ್ಬೇಕು."

"ನಾಲ್ಕು ಸಾಲು ತಾನೆ."

"ನಾಕ್ ಸಾಲ್ಗೂ ಐದೇ ವರ್ಸ ಮೇಡಂ."

"ತಪಾಸಣೆಯವರು ನೋಡಿದರೆ?"

"ನೋಡಿದ್ರೆ ನೋಡ್ಲಿ ಬುಡಿ. ಅದ್ರ ಬೆನ್ನಿಗೇ ಆ ಉಡ್ಗೀಗೆ ಜಾಗ ಕೊಟ್ಟ ಆರ್ಡ್ರೂ ಅದೆ. ನಿಮ್ದೇ ರುಜು. ಓದೋರು ಒಂದೇ ಓದ್ಬುಟ್ಟು ಎದ್ದೋಗ್ತಾರಾ?"

ಆಮೇಲೆ ಪ್ರತಿ ಆಯುಧಪೂಜೆಗೂ ಅವರದೊಂದು ಮಾತು ಇರುತ್ತಿತ್ತು. ಕಡಲೆಪುರಿ ಪೊಟ್ಟಣ ಕೈಗಿಡುವಾಗ ದನಿ ತಗ್ಗಿಸಿ, "ಇನ್ನು ನಾಕ್ ವರ್ಸ" ಅನ್ನುವರು. ಮುಂದಿನ ವರ್ಷ, "ಇನ್ನು ಮೂರು." ಪಕ್ಕದಲ್ಲಿದ್ದವರು, ಏನು ನಾಕು, ಏನು ಮೂರು ಅಂತ ಕೇಳಿದರೆ, "ಮೇಡಮ್ನೋರು ದೇವ್ರಿಗೆ ಕಟ್ಕಂಡಿರೋ ಅರ್ಕೆ" ಅನ್ನುವರು.

ನಿವೃತ್ತರಾಗುವ ದಿನ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಒತ್ತಿ, ಅವರ ಜಾಗಕ್ಕೆ ಬಂದ ಸುಜಾತಾಗೆ ಕೊಟ್ಟು, ಚೀಟಿ ಬರೆಸಿಕೊಂಡರು. ಆ ಚೀಟಿಯನ್ನು ಮನೆಗೆ ಒಯ್ದರು. ನಾನು ಬೇಕೆಂತಲೇ, ಅದು ಕಚೇರಿ ಪ್ರತಿಯಲ್ಲವೇ ಅಂದೆ. "ಇದು ನೆನ್ಪಿಗೆ" ಅಂದರು.

ಕೊನೆಯ ಸಲ ನೋಡಿದ್ದು ಮಂಡಕಳ್ಳಿಯ ಅವರ ಮನೆಯಲ್ಲಿ. ಬಿಸಿಲಿಗೆ ಕಾಲು ಚಾಚಿ ಕೂತು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮನೆಯ ಮೇಲೆ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಕೇಳಿದೆ:

"ಟ್ರಸ್ಟಿಯವರ ಮದ್ದಾ?"

"ಊ ಮೇಡಂ."

"ಕೆಲಸ ಮಾಡುತ್ತಾ?"

"ಏನೂ ಇಲ್ಲ. ಆದ್ರೂ ರೆಕಾರ್ಡ್ನಲ್ಲಿ ಅದೆಯಲ್ಲ."

ಚಂದ್ರಿಕಾ ಈಗ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಾಳೆ, ಮೊನ್ನೆ ಬಂದಿದ್ದಳು ಎಂದು ಹೇಳಿದೆ. ಅವರಿಗೆ ಗೊತ್ತಿತ್ತು, ಅವರ ಮನೆಗೂ ಬಂದು ಬಿ.ಪಿ. ನೋಡಿಹೋಗಿದ್ದಳಂತೆ. ಎದ್ದು ಹೊರಟಾಗ ಎಣ್ಣೆ ಕೈ ಸೆರಗಿಗೆ ಒರೆಸಿಕೊಂಡು ನನ್ನ ಕೈ ಹಿಡಿದರು. "ಬರೋ ಅಬ್ಬಕ್ಕೆ ನಿಮ್ದು ಮುಗೀತದೆ ಮೇಡಂ. ಆಮೇಲೆ ಅಳಿಸ್ಬುಡಿ, ಯಾರೂ ಕೇಳಲ್ಲ."

ಆ ಹಬ್ಬಕ್ಕೆ ಅವರಿರಲಿಲ್ಲ. ಶ್ರಾವಣದಲ್ಲಿ ಮೂರು ದಿನ ಜ್ವರ ಬಂದದ್ದೇ ನೆಪವಾಯಿತು.

ಹಬ್ಬ ಕಳೆದ ವಾರ ಸುಜಾತಾ ಅವಧಿ ಮುಗಿದ ಮೇಲುಗಳ ಪಟ್ಟಿ ತಂದಳು. ಮಹದೇವಮ್ಮ ಕಲಿಸಿದಂತೆ ಎದುರಿಗೆ ಕೂತು ಒಂದೊಂದಾಗಿ ಓದಿದಳು. ಶುಭೋದಯಗಳು ಹೋದವು. ಗುಲಾಬಿಗಳು ಹೋದವು. ನನ್ನ ಈಮೇಲಿನ ಸರದಿ ಬಂತು. ಅವಳಿಗೆ ಅದರ ಕಥೆ ಗೊತ್ತಿಲ್ಲ.

"'ಹಬ್ಬದ ಶುಚಿತ್ವದ ಬಗ್ಗೆ', ಕಾರ್ಯದರ್ಶಿಯವರಿಂದ. ಇದೂ ತೆಗೆಯೋದೇ ಅಲ್ವಾ ಮೇಡಂ?"

ಐದು ವರ್ಷ ಕಾದಿದ್ದ 'ಹೌದು' ನಾಲಿಗೆಯ ತುದಿಯಲ್ಲಿತ್ತು. ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಗಡಿಯಾರ ನೋಡಿದೆ. ಹನ್ನೊಂದು ಹದಿಮೂರು. ಷರಾ ಇರುವ ಕಡೆ ದಿನಾಂಕ, ಸಮಯ ಹಾಕಿ ಬರೆದೆ:

"ಉಪಯೋಗದಲ್ಲಿದೆ."