ಪಾಳಿಯ ನೀರು ಬೇಡವೆಂದ ಅಕ್ಕಾತಾಯಿ

ನಮ್ಮೂರ ನೀರಾವರಿ ಸಂಘದ ಪಂಪ್‌ಹೌಸಿನಲ್ಲಿ ನಾನು ಹತ್ತೊಂಬತ್ತು ವರ್ಷ ದುಡಿದೆ. ಕೃಷ್ಣೆಯ ನೀರು ಮೇಲೆತ್ತಿ, ಯಾರ ಪಾಳಿಯೋ ಅವರ ಕಬ್ಬಿಗೆ ಬಿಡುವುದು ನನ್ನ ಕೆಲಸ. ನೀರಿಗಾಗಿ ನನ್ನ ಮುಂದೆ ಅತ್ತವರನ್ನು ಕಂಡಿದ್ದೇನೆ, ನನ್ನ ಮೇಲೆ ಗುದ್ದಲಿ ಎತ್ತಿದವರನ್ನೂ ಕಂಡಿದ್ದೇನೆ. ಪಾಳಿ ಬಂದಾಗ ನೀರು ಬೇಡ ಎಂದವಳನ್ನು ಕಂಡದ್ದು ಒಬ್ಬಳನ್ನೇ, ಅಕ್ಕಾತಾಯಿ ಮಗದುಮ್‌ಳನ್ನು. ಊರಿನ ಅರ್ಧಕ್ಕರ್ಧ ಜನರಿಗೆ ಅವಳು ವೈನಿ, ಅಂದರೆ ಅತ್ತಿಗೆ. ನನಗೂ.

ಅವಳ ಗಂಡ ಭರಮು ತಾತ್ಯಾ ಒಂದು ಕಾಲಕ್ಕೆ ಎಕರೆಗೆ ಎಪ್ಪತ್ತೊಂದು ಟನ್ ಕಬ್ಬು ಬೆಳೆದು, ಫ್ಯಾಕ್ಟರಿಯವರ ಕೈಯಿಂದ ಹಾರ ಹಾಕಿಸಿಕೊಂಡವನು. ಆ ಹಾರವೇ ಅವನಿಗೆ ಮುಳುವಾಯಿತು ಎನ್ನಬೇಕು. ನೀರು ಹೆಚ್ಚಾದಷ್ಟೂ, ಗೊಬ್ಬರ ಹೆಚ್ಚಾದಷ್ಟೂ ಕಬ್ಬು ಹೆಚ್ಚು ಎಂದು ನಂಬಿಬಿಟ್ಟ. ಎಪ್ಪತ್ತು ಅರವತ್ತಾಯಿತು, ಅರವತ್ತು ಐವತ್ತಾಯಿತು, ಕಡೆಗೆ ಮೂವತ್ತೆಂಟಕ್ಕೆ ಬಂದು ನಿಂತಿತು. ಇಳಿದಷ್ಟೂ ಅವನು ನೀರು ಹೆಚ್ಚು ಹಾಯಿಸಿದ. ಇದ್ದ ಮೂರು ಎಕರೆಯಲ್ಲಿ ಹಳ್ಳದ ಕಡೆಗಿನ ಒಂದು ಎಕರೆ ಜವಳಾಗಿ ಹೋಯಿತು. ಮಳೆಗಾಲದಲ್ಲಿ ಮೊಣಕಾಲುದ್ದ ಹೂಳು, ಬೇಸಿಗೆಯಲ್ಲಿ ಮೇಲೆಲ್ಲ ಬಿಳಿ ಉಪ್ಪು. ಅದೇ ಜವಳಿನ ಒಡ್ಡಿನ ಮೇಲೆ ಒಂದು ಶ್ರಾವಣದಲ್ಲಿ ಜಾರಿ ಬಿದ್ದು ತಾತ್ಯಾ ತೊಡೆಯ ಎಲುಬು ಮುರಿದುಕೊಂಡ. ಒಳಗೆ ರಾಡು ಹಾಕಿದರು. ಅಂದಿನಿಂದ ಅವನು ಮನೆಯ ಕಟ್ಟೆಗೆ, ಗುದ್ದಲಿ ಅಕ್ಕಾತಾಯಿಯ ಕೈಗೆ.

ಆಗ ಅವಳಿಗೆ ಐವತ್ತೆರಡು. ಒಬ್ಬಳೇ ಮಗಳನ್ನು ಜಯಸಿಂಗಪುರಕ್ಕೆ ಕೊಟ್ಟಾಗಿತ್ತು. ಬೆಳಗ್ಗೆ ಬಸದಿಗೆ ಹೋಗಿ ಬಂದು, ಗಂಡನಿಗೆ ಸ್ನಾನ ಮಾಡಿಸಿ, ಜೋಳದ ರೊಟ್ಟಿ ಬಡಿದಿಟ್ಟು ಹೊಲಕ್ಕೆ ಹೋದರೆ ಸಂಜೆಯವರೆಗೂ ಅಲ್ಲೇ. ಹೊತ್ತು ಮುಳುಗಿದ ಮೇಲೆ ಜೈನರಾದ ಅವರಲ್ಲಿ ಉಣ್ಣುವಂತಿಲ್ಲ. ಎಷ್ಟೋ ದಿನ ಮನೆ ಮುಟ್ಟುವಷ್ಟರಲ್ಲಿ ಸೂರ್ಯ ಹೋಗಿರುತ್ತಿದ್ದ. ಹಸಿದೇ ಮಲಗುತ್ತಿದ್ದಳು. "ಹಸಿವು ಗೊತ್ತಾಗಂಗಿಲ್ಲ ಸಿದ್ರಾಯಾ, ಮೈ ಅಷ್ಟು ದಣಿದಿರತೈತಿ," ಎಂದು ಒಮ್ಮೆ ನನ್ನ ಮುಂದೆ ಅಂದಿದ್ದಳು.

ಕಬ್ಬು ಕಡಿಯುವ ಟೋಳಿಯವರು ಆ ವರ್ಷ ಅವಳ ಹೊಲದ ಮೂಲೆಯಲ್ಲಿ ರವದಿಯನ್ನು, ಅಂದರೆ ಕಬ್ಬಿನ ಒಣಗರಿಯನ್ನು, ದಪ್ಪಗೆ ಹಾಸಿ ಗುಡಿಸಲು ಹಾಕಿದ್ದರು. ಅವರು ಹೋದ ಮೇಲೆ ಎಲ್ಲರಂತೆ ಇವಳೂ ರವದಿಗೆ ಬೆಂಕಿ ಹಚ್ಚಿದಳು. ಆ ಮೂಲೆ ಮಾತ್ರ ಹೇಗೋ ಉಳಿದುಕೊಂಡಿತು. ಎರಡು ತಿಂಗಳ ನಂತರ ನೋಡಿದರೆ ಅಲ್ಲಿ ಕಡಿದ ಬುಡದಿಂದ ಚಿಗುರಿದ ಕುಳೆ ಕಬ್ಬು ಉಳಿದದ್ದಕ್ಕಿಂತ ಒಂದು ಗೇಣು ಎತ್ತರ. ಕೈ ಹಾಕಿದರೆ ಕೆಳಗಿನ ಮಣ್ಣು ತಣ್ಣಗೆ, ಮೆತ್ತಗೆ, ತುಂಬ ಎರೆಹುಳು.

ಮುಂದಿನ ವರ್ಷ ಅವಳು ಬೆಂಕಿ ಹಚ್ಚಲಿಲ್ಲ. ಮೇಲಿನ ಎರಡು ಎಕರೆಯ ರವದಿಯನ್ನೆಲ್ಲ ಸಾಲಿನ ನಡುವೆ ಹರವಿದಳು. ಏಪ್ರಿಲ್ಲಿನಲ್ಲಿ ಅವಳ ಪಾಳಿ ಬಂತು. ನಾನು ವಾಲ್ವ್ ತಿರುಗಿಸಲು ಹೋದಾಗ ಒಡ್ಡಿನ ಮೇಲೆ ಕುಳಿತಿದ್ದಳು.

"ಇವತ್ತ ಬ್ಯಾಡೋ ಸಿದ್ರಾಯಾ. ಮುಂದಿನವರಿಗೆ ಬಿಡು."

"ವೈನಿ, ಏನಾಗೈತಿ ನಿಮಗ? ಹದಿನೈದು ದಿನಕ್ಕೊಮ್ಮೆ ಬರೂ ಪಾಳಿ!"

"ಇಲ್ಲಿ ಕೈ ಹಾಕಿ ನೋಡು." ಹಾಕಿದೆ. ರವದಿಯ ಕೆಳಗೆ ಇನ್ನೂ ಹಸಿಯಿತ್ತು. "ಇದ್ದದ್ದ ಇಂಗಿಲ್ಲ. ಮತ್ತ ಸುರುವಿ ಇದನ್ನೂ ಜವಳ ಮಾಡ್ಲ್ಯಾ?"

ಸುದ್ದಿ ನನಗಿಂತ ಮೊದಲು ಊರು ಮುಟ್ಟಿತು. ತಾತ್ಯಾ ಕಟ್ಟೆಯ ಮೇಲಿಂದಲೇ ಕೂಗಾಡಿದ.

"ಬಂದ ನೀರ ಬ್ಯಾಡ ಅಂದೇನ? ಕಬ್ಬಿಗೆ ನೀರಂದ್ರ ತಾಯಿ ಹಾಲು, ಗೊತ್ತೈತೇನ ನಿನಗ?"

"ಹೊಟ್ಟಿ ತುಂಬಿದ ಕೂಸಿನ ಬಾಯಾಗೂ ತುರುಕತಾರೇನ್ರಿ?" ಎಂದಳು ಅವಳು. ಜಗಳಕ್ಕೆ ನಿಲ್ಲಲಿಲ್ಲ. ಒಲೆಯ ಮುಂದೆ ಹೋಗಿ ಕುಳಿತಳು. ತಾತ್ಯಾ ಎಂಟು ದಿನ ಅವಳೊಡನೆ ಮಾತಾಡಲಿಲ್ಲ.

ಮರುವರ್ಷ ಒಂದು ಎಕರೆಗೆ ಹೊಸದಾಗಿ ಕಬ್ಬು ಹಚ್ಚುವಾಗ ಮೂರಡಿಯ ಸಾಲು ಬಿಟ್ಟು ಐದಡಿ ಮಾಡಿದಳು. ತುಂಡು ಊರುವ ಬದಲು ಒಂದೊಂದೇ ಕಣ್ಣಿನ ಸಸಿ ಬೆಳೆಸಿ ನೆಟ್ಟಳು, ನಡುವೆ ಅಲಸಂದಿ ಹಾಕಿದಳು. ಪಕ್ಕದ ಹೊಲದ ಅಪ್ಪಾಸಾಬ ಒಡ್ಡಿನ ಮೇಲೆ ನಿಂತು ನಕ್ಕ.

"ವೈನಿ, ಕಬ್ಬ ಹಚ್ಚೀರೋ, ಹುಡುಗೂರಿಗೆ ಕ್ರಿಕೆಟ್ ಆಡಾಕ ಜಾಗಾ ಬಿಟ್ಟೀರೋ?"

"ನೀನೂ ಬಾ, ಅಂಪೈರ್ ಆಗೀಯಂತ," ಎಂದಳು ಬಗ್ಗಿದಲ್ಲಿಂದಲೇ.

ಅದೇ ಅಪ್ಪಾಸಾಬ ಫೆಬ್ರವರಿಯ ಒಂದು ಮಧ್ಯಾಹ್ನ ತನ್ನ ರವದಿಗೆ ಕಡ್ಡಿ ಗೀರಿದ. ಗಾಳಿ ತಿರುಗಿತು. ಬೆಂಕಿ ಒಡ್ಡು ದಾಟಿ ಅಕ್ಕಾತಾಯಿಯ ಕುಳೆಯ ಹೊಲಕ್ಕೆ ಹೊಕ್ಕಿತು. ನಾನು ಓಡಿ ಹೋಗಿ ಪಂಪ್ ಚಾಲೂ ಮಾಡಿದೆ. ನೀರು ಬರುವಷ್ಟರಲ್ಲಿ ಒಂದು ಎಕರೆಯ ಹಾಸು ಬೂದಿಯಾಗಿತ್ತು. ಆಗ ತಾನೇ ಒಡೆದಿದ್ದ ಮೊಳಕೆಗಳು ಬೆಂದು ಕಪ್ಪಾಗಿ ಬಾಗಿದ್ದವು. ಒಂದು ಮುಂಗುಸಿ ಮರಿ ಕಾಲುವೆಯಲ್ಲಿ ಸತ್ತು ಬಿದ್ದಿತ್ತು. ಅಕ್ಕಾತಾಯಿ ಅದರ ಹತ್ತಿರ ಕುಳಿತಳು. ಅಳಲಿಲ್ಲ. ಅಳುವುದಕ್ಕೂ ತ್ರಾಣ ಬೇಕು.

ಅಪ್ಪಾಸಾಬ ಕೈ ಮುಗಿದು ನಿಂತಿದ್ದ. "ತಪ್ಪಾತು ವೈನಿ. ಗಾಳಿ ಹಿಂಗ ತಿರಗತೈತಿ ಅಂತ..."

"ಗಾಳಿಗ್ಯಾಕ ಬೈತೀಯೋ? ಪರ್ವದಾಗ ಹಸಿ ಕಾಯಿಪಲ್ಲೆ ಮುಟ್ಟಂಗಿಲ್ಲ ನಾವು, ಜೀವ ಸಾಯತಾವಂತ. ಹೊಲಕ್ಕ ಬೆಂಕಿ ಇಟ್ಟಾಗ ಎಷ್ಟ ಸತ್ತೂವು ಅಂತ ಎಣಿಸೀಯೇನು?"

ನಷ್ಟಕ್ಕೆ ಏನು ಕೇಳುತ್ತಾಳೋ ಎಂದು ನಾವೆಲ್ಲ ಕಾಯುತ್ತಿದ್ದೆವು. ಅವಳು, "ರಸ್ತೆ ಕಡೆ ನಿಂದ ಇನ್ನೊಂದ ಹೊಲ ಐತೆಲ್ಲ, ಅದಕ್ಕಿನ್ನೂ ಬೆಂಕಿ ಹಚ್ಚಿಲ್ಲ. ಅಲ್ಲಿ ರವದಿ ನನಗ ಕೊಡು," ಎಂದಳು.

ಇಷ್ಟಕ್ಕೇ ಬಿಟ್ಟಳಲ್ಲ ಎಂದು ಅವನು ಕೂಡಲೇ ಹೂಂ ಅಂದ. ಮರುದಿನ ಬೆಳಗ್ಗೆಯೇ ಅವಳು ಹೊರೆ ಕಟ್ಟಲು ಶುರು ಮಾಡಿದಳು. ಅಲ್ಲಿಂದ ಇಲ್ಲಿಗೆ ಎರಡು ಫರ್ಲಾಂಗು. ರವದಿಯ ಅಂಚು ಅಂದರೆ ಗರಗಸ. ಕುತ್ತಿಗೆ, ಕೈ, ಕೆನ್ನೆಯೆಲ್ಲ ಗೀರಿ ಕೆಂಪಾದವು. ಮೂರು ದಿನ ಒಬ್ಬಳೇ ಹೊತ್ತಳು. ನಾಲ್ಕನೆಯ ದಿನ ಅಪ್ಪಾಸಾಬ ಎತ್ತಿನ ಗಾಡಿ ಹೂಡಿಕೊಂಡು ಬಂದ.

"ಹತ್ತರಿ ವೈನಿ. ನಿಮ್ಮನ್ನ ನೋಡಿ ನೋಡಿ ಮನ್ಯಾಗ ಹೇಣ್ತಿ ನನಗ ಊಟಕ್ಕ ನೀಡವಲ್ಲಳು."

ಅವಳು ನಕ್ಕಳೋ ಇಲ್ಲವೋ ನನಗೆ ಕಾಣಲಿಲ್ಲ. ಹನ್ನೊಂದನೆಯ ದಿನಕ್ಕೆ ಸುಟ್ಟ ಎಕರೆ ಮತ್ತೆ ಮುಚ್ಚಿತು. ಬೇರು ಸತ್ತಿರಲಿಲ್ಲ, ಕುಳೆ ಮತ್ತೊಮ್ಮೆ ಒಡೆಯಿತು. ಆದರೆ ಅವಳ ಬಲಭುಜ ಆ ಹನ್ನೊಂದು ದಿನಗಳಲ್ಲೇ ಕೆಟ್ಟಿತು.

ಆ ಮೇ ತಿಂಗಳಲ್ಲಿ ನದಿ ಬತ್ತಿತು. ಇಪ್ಪತ್ತಾರು ದಿನ ಪಂಪ್ ಹಾಕಲಾಗಲಿಲ್ಲ. ಊರ ಕಬ್ಬಿನ ಗರಿಗಳು ಸುರುಳಿ ಸುತ್ತಿದವು. ಅಕ್ಕಾತಾಯಿಯದೂ ಬಾಡಿತು, ಬಾಡಲಿಲ್ಲ ಎಂದರೆ ಸುಳ್ಳಾದೀತು. ಆದರೆ ಬೆಳಗಿನ ಹೊತ್ತು ಅವಳ ಗರಿ ಬಿಚ್ಚಿಕೊಳ್ಳುತ್ತಿತ್ತು, ಉಳಿದವರದು ಬಿಚ್ಚುತ್ತಿರಲಿಲ್ಲ. ಅಪ್ಪಾಸಾಬ ಒಂದು ದಿನ ಯಾರೂ ಇಲ್ಲವೆಂದುಕೊಂಡು ಅವಳ ಸಾಲಿನಲ್ಲಿ ಮಂಡಿಯೂರಿ, ರವದಿಯೊಳಗೆ ಮೊಣಕೈವರೆಗೆ ಕೈ ತೂರಿಸಿದ್ದ. ಪಂಪ್‌ಹೌಸಿನಿಂದ ನಾನು ನೋಡುತ್ತಲೇ ಇದ್ದೆ.

ಆ ಹಂಗಾಮಿಗೆ ಅವಳ ಮೇಲಿನ ಹೊಲದಲ್ಲಿ ಎಕರೆಗೆ ಐವತ್ತಮೂರು ಟನ್ ತೂಗಿತು. ನೀರು ಹಾಯಿಸಿದ್ದು ಮೊದಲಿನ ಅರ್ಧ. ಜವಳು ಎಕರೆಯದು ಬೇರೆಯೇ ಕತೆ. ಅಲ್ಲಿ ನೆಲದಡಿ ತೂತಿನ ಪೈಪು ಹೂಳಿ, ಬಸಿದ ನೀರನ್ನು ಹಳ್ಳಕ್ಕೆ ಬಿಡಿಸಿದಳು. ಎರಡು ವರ್ಷ ಸೆಣಬು ಬಿತ್ತಿ ಮಣ್ಣಿಗೇ ಮಗುಚಿದಳು. ಮೂರನೆಯ ವರ್ಷ ಕಬ್ಬು ಹಚ್ಚಿದರೆ ಸೊಂಟದವರೆಗೆ ಬಂದು ನಿಂತಿತು. ಈಗಲೂ ಒಂದು ಮೂಲೆಯಲ್ಲಿ ಉಪ್ಪು ಬಿಡುತ್ತದೆ. "ಇಪ್ಪತ್ತೈದು ವರ್ಷ ಕೆಡಿಸೇವಿ. ಮೂರು ವರ್ಷದಾಗ ಹೆಂಗ ಸರಿ ಆದೀತು?" ಎನ್ನುತ್ತಾಳೆ.

ಈಗ ನಮ್ಮ ಕಡೆಯ ಹದಿನಾಲ್ಕು ಹೊಲಗಳಲ್ಲಿ ಬೆಂಕಿ ಹಚ್ಚುವುದಿಲ್ಲ, ಅಪ್ಪಾಸಾಬನ ಎರಡೂ ಹೊಲ ಸೇರಿ. ಯಾರೂ ಅವಳ ಹೆಸರು ಹೇಳುವುದಿಲ್ಲ. ಮೊದಲಿಂದಲೂ ತಮಗೆ ಗೊತ್ತಿತ್ತು ಎನ್ನುವಂತೆ ಮಾತಾಡುತ್ತಾರೆ. ಅವಳಿಗೆ ಅದರ ಗೊಡವೆಯೂ ಇಲ್ಲ.

ಹೋದ ವಾರ ಮುಂಜಾನೆ ಅವರ ಮನೆಗೆ ಹೋಗಿದ್ದೆ. ಅಕ್ಕಾತಾಯಿ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಕಣ್ಣು ಮುಚ್ಚಿದ್ದಳು. ಬಲಗೈ ಈಗ ಭುಜದ ಮೇಲಕ್ಕೆ ಏಳುವುದಿಲ್ಲ. ತಾತ್ಯಾ ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿ ಕುಳಿತು ಅವಳ ಕೂದಲು ಬಾಚುತ್ತಿದ್ದ. ನನ್ನನ್ನು ಕಂಡು ನಾಚಿದ, ಆದರೆ ಕೈ ನಿಲ್ಲಿಸಲಿಲ್ಲ.

"ಸಾವಕಾಶ್ರೀ, ಕೂದ್ಲ ಹರೀತಾವ," ಎಂದಳು ಅವಳು.

"ಹೂಂ, ಸುಮ್ನ ಕುಂಡ್ರು," ಎಂದ ತಾತ್ಯಾ. ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಅವಳ ನೆತ್ತಿಗೆ ಮೆಲ್ಲಗೆ ತಟ್ಟಿದ.